ಚಿಲಕ

ಹದಿನೇಳನೆಯ ಹಾಸಿಗೆಯಿಂದ ಬಾತ್‌ರೂಮಿಗೆ
ಇಪ್ಪತ್ತೆರಡು ಹೆಜ್ಜೆ. ನನ್ನ ಹೆಜ್ಜೆ.
ಬೊಳಕನ ಲೆಕ್ಕ ಬೇರೆ:
ಆರು ಕಾಫಿಗಿಡ, ನಡುವೆ ಒಂದು ತೋಡು.

ಒಂಟಿ ಬಿದಿರಿನ ಏಣಿಯ ಮೇಲೆ ಮೂವತ್ತು ವರ್ಷ
ಸಿಲ್ವರ್ ಓಕ್ ಮರ ತಬ್ಬಿ ನಿಂತವನು,
ಸೊಂಟಕ್ಕೆ ಗೋಣಿಚೀಲ ಕಟ್ಟಿ, ಮೆಣಸಿನ ಗೊಂಚಲು ಕೀಳುತ್ತ
ಕೆಳಗೆ ಹೋಗುವವರನ್ನು ನೆತ್ತಿ ನೋಡಿಯೇ ಗುರುತು ಹಿಡಿಯುತ್ತಿದ್ದವನು,
ಫೆಬ್ರವರಿಯ ಒಂದು ಮಧ್ಯಾಹ್ನ ಕೆಳಗೆ ಬಂದ,
ಏಣಿಗಿಂತ ಮೊದಲು.

ಈಗ ತೊಡೆಯೊಳಗೆ ಉಕ್ಕಿನ ಸರಳು.
ಮಂಚದಿಂದ ನೆಲಕ್ಕೆ ಒಂದೂವರೆ ಅಡಿ.
ಅದನ್ನು ನೋಡಿ ಬೆವರುತ್ತಾನೆ.
'ಟೀಚರೇ, ಇಷ್ಟು ಎತ್ತರ ನಾನು ಹತ್ತಿಲ್ಲ.'

ನಾನು ಟೀಚರಲ್ಲ, ಫಿಸಿಯೋ.
ವಿರಾಜಪೇಟೆಯ ಈ ವಾರ್ಡಿನಲ್ಲಿ ಮಾತ್ರ
ಕಾಲಿನ ಟೀಚರ್ ಅಂತಲೇ ಹೆಸರು;
ಬೈಯುವಾಗ ಕಲ್ಲಿನ ಟೀಚರ್. ಅದೂ ಕೇಳಿಸಿದೆ.

ಅಮ್ಮಿಣಿಯ ಜೊತೆ ನನಗೆ ದಿನಾ ಜಗಳ.
ಗಂಡನ ಬಾಯಿಗೆ ಗಂಜಿ ಎತ್ತುವ ಕೈ ಅವಳದು,
ಬೆನ್ನು ಒರೆಸುವ, ಪ್ಯಾನ್ ಹಿಡಿಯುವ, ಅಂಗಿಯ ಗುಂಡಿ ಹಾಕುವ ಕೈ.
ಹೇಗೆ ಹೇಳಲಿ, ಆ ಕೈಯನ್ನು ಸ್ವಲ್ಪ ಹೊತ್ತು
ಸೆರಗಿನೊಳಗೆ ಇಟ್ಟುಕೋ ಎಂದು?
ನೀರಿನ ಲೋಟವನ್ನು ಸ್ಟೂಲಿನ ಆಚೆ ತುದಿಗೆ ಸರಿಸುತ್ತೇನೆ.
ಅವಳು ಈಚೆಗೆ ತರುತ್ತಾಳೆ.
ನಾನು ಆಚೆಗೆ.
'ಕೈ ಮುರಿದಿಲ್ಲವಲ್ಲ ಅಮ್ಮಿಣೀ.'
'ನಿಮಗೂ ಒಬ್ಬ ಗಂಡ ಇದ್ದಿದ್ದರೆ ಗೊತ್ತಾಗ್ತಿತ್ತು.'
ಪಕ್ಕದ ಹಾಸಿಗೆಯ ಮೊಯ್ದು ಕಾಕ
ಕೆಮ್ಮಿನ ನಡುವೆ ನಗು ತುರುಕುತ್ತಾರೆ.

ಮೊದಲ ದಿನ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು.
ಎರಡನೆಯ ದಿನ ನಿಲ್ಲುವುದು, ನಿಂತದ್ದೇ ಕೂರುವುದು.
ಮೂರನೆಯ ದಿನ ಏನೂ ಇಲ್ಲ, ಅಳು.
ನಾಲ್ಕನೆಯ ದಿನ ವಾಕರಿನ ನಾಲ್ಕು ರಬ್ಬರ್ ಗೊರಸು
ಕೀಚು ಕೀಚೆಂದು ಕಿಟಕಿಯವರೆಗೆ ಹೋಯಿತು ಸವಾರಿ.
ಮಲೆತಿರಿಕೆ ಬೆಟ್ಟವನ್ನು ಮಂಜು ನುಂಗಿಕೊಂಡಿತ್ತು.
'ಏನೂ ಕಾಣೋದಿಲ್ಲ' ಅಂದ.
ಕಾಣದ್ದನ್ನು ಐದು ನಿಮಿಷ ನಿಂತು ನೋಡಿದ.
ನನಗೆ ಬೇಕಾಗಿದ್ದದ್ದು ಆ ಐದು ನಿಮಿಷ.

ಬೀಳಬಹುದು.
ಅವನ ಬೆನ್ನ ಹಿಂದೆ ಒಂದು ಗೇಣು ದೂರದಲ್ಲಿ
ನನ್ನ ಕೈ, ಮುಟ್ಟದೆ, ಜೊತೆಗೇ ನಡೆಯುತ್ತದೆ.
ನನಗೆ ಸಂಬಳ ಆ ಗೇಣಿಗೆ.

ಹನ್ನೊಂದನೆಯ ಬೆಳಿಗ್ಗೆ ಹಾಸಿಗೆ ಖಾಲಿ.
ಕಂಬಳಿ ಮಡಿಸಿದೆ, ಅಮ್ಮಿಣಿ ಮಡಿಸುವ ಹಾಗಲ್ಲ.
ಅವಳು ಬಿಸಿನೀರಿಗೆ ಹೋಗಿದ್ದವಳು
ಫ್ಲಾಸ್ಕು ಎದೆಗವಚಿ ನಿಂತೇಬಿಟ್ಟಳು.
ಮೊಯ್ದು ಕಾಕ ಗಲ್ಲದಿಂದ ತೋರಿಸಿದರು: ಅತ್ತ.

ಬಾಗಿಲು ಮುಚ್ಚಿತ್ತು.
ಒಳಗಿಂದ ಚಿಲಕ.

ಚಿಲಕ ಹಾಕಬಾರದು ಎಂದು ನಾನೇ ಬರೆದು ಅಂಟಿಸಿದ್ದೆ,
ಕೆಂಪು ಅಕ್ಷರ. ಬೊಳಕನಿಗೆ ಓದು ಬಾರದು ಎನ್ನೋಣವೆಂದರೆ
ದಿನಾ ಅವನಿಗೆ ಓದಿ ಹೇಳಿದವಳೂ ನಾನೇ.

ಬಡಿಯಲು ಕೈ ಎತ್ತಿದೆ.
ಅಮ್ಮಿಣಿ ನನ್ನ ಮಣಿಕಟ್ಟು ಹಿಡಿದಳು.
'ಲೈನುಮನೆಯಲ್ಲಿ ಬಾಗಿಲೇ ಇಲ್ಲ, ಗೋಣಿ ಪರದೆ' ಅಂದಳು ಮೆಲ್ಲಗೆ.
'ಇರಲಿ ಬಿಡಿ. ಸ್ವಲ್ಪ ಹೊತ್ತು.'

ನಿಂತೆವು. ಮಾಡಲು ಕೆಲಸವಿಲ್ಲದ ನಾಲ್ಕು ಕೈ.
ಒಳಗೆ ಮಗ್ಗು ಬಕೆಟ್ಟಿಗೆ ತಾಗಿದ ಸದ್ದು. ನೀರು.
ಆಮೇಲೆ ಏನೂ ಇಲ್ಲ, ಅದು ಉದ್ದವಾಯಿತು.
ಆಮೇಲೆ ಅಂಗೈ ಗೋಡೆ ಹಿಡಿದ ಸದ್ದು,
ಅದಕ್ಕೂ ಒಂದು ಸದ್ದಿದೆ, ಕೇಳಿ ಕೇಳಿ ಬಲ್ಲೆ.
ಆಮೇಲೆ ಒಂದು ಬೈಗುಳ, ಅವನ ಮನೆಮಾತಿನಲ್ಲಿ;
ಅರ್ಥ ಕೇಳಿದರೆ ಅಮ್ಮಿಣಿ ಹೇಳಲಿಲ್ಲ.

ತುಕ್ಕು ಹಿಡಿದ ಚಿಲಕ ಎರಡು ಸಲ ತಡವರಿಸಿತು.

ಹೊರಬಂದವನು ನಮ್ಮಿಬ್ಬರನ್ನೂ ನೋಡಿ
ಹುಬ್ಬು ಗಂಟಿಕ್ಕಿದ:
'ಏನು? ಕ್ಯೂ ಇದೆಯಾ?'